ಕುಬಸದ ಫೋಟೋಗಳು

ಆ ಪುಟ್ಟ ಡಿಜಿಟಲ್ ಕ್ಯಾಮೆರಾ ತಂದವರು ನನ್ನ ಗಂಡ. ದಸರೆಯ ರಿಯಾಯಿತಿಯಲ್ಲಿ ಕೊಂಡು, ಕೆಲವು ದಿನ ಕಂಡದ್ದನ್ನೆಲ್ಲ ತೆಗೆದು, ಆಮೇಲೆ ಮರೆತರು. ಅದು ನನ್ನ ಪಾಲಿಗೆ ಬಂತು. ಆಗ ನಾವು ಚಿಕ್ಕಬಾಣಾವರದ ಒಂದು ವಠಾರದಲ್ಲಿದ್ದೆವು. ನನಗೆ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸ. ಇಡೀ ದಿನ ನಿಂತು, ಹೊಲಿದು ಬಂದ ಅಂಗಿಗಳಲ್ಲಿ ಬಿಟ್ಟುಹೋದ ಹೊಲಿಗೆ, ಎಣ್ಣೆ ಕಲೆ ಹುಡುಕಬೇಕು. ಸಂಜೆ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಕಾಲುಗಳು ಮರಗಟ್ಟಿರುತ್ತಿದ್ದವು.

ನಮ್ಮ ಮನೆಯಲ್ಲಿ ಕ್ಯಾಮೆರಾ ಇದೆಯೆಂದು ವಠಾರಕ್ಕೆ ತಿಳಿದ ಮೇಲೆ ಭಾನುವಾರವೂ ನನ್ನದಾಗಿ ಉಳಿಯಲಿಲ್ಲ. ನಾಮಕರಣ, ಬರ್ತ್‌ಡೇ, ಹೊಸ ಬೈಕಿನ ಪೂಜೆ, ಎಲ್ಲಕ್ಕೂ ಬಾಗಿಲು ತಟ್ಟುತ್ತಿದ್ದರು. ಸ್ಟುಡಿಯೋದವರ ದೊಡ್ಡ ಕ್ಯಾಮೆರಾ ಆಗಿದ್ದರೆ ಕೇಳಲು ಹಿಂಜರಿಯುತ್ತಿದ್ದರೋ ಏನೋ. ಇದು ಅಂಗೈಯಲ್ಲಿ ಹಿಡಿಸುವಂಥದು, ಗುಂಡಿ ಒತ್ತಿದರೆ ಆಯಿತು, ಕೇಳುವುದರಲ್ಲಿ ಏನಿದೆ ಅನ್ನಿಸುತ್ತಿತ್ತು ಅವರಿಗೆ.

ಬಿಸಿಲಿದ್ದರೆ ಅದು ಸುಳ್ಳು ಹೇಳುತ್ತಿರಲಿಲ್ಲ. ಸೀರೆಯಂಚಿನ ಎಳೆಗಳೂ ಕಾಣುತ್ತಿದ್ದವು. ಮನೆಯೊಳಗೆ ಬಂದರೆ ಮಾತ್ರ ಕಷ್ಟ. ಒತ್ತಿ ಒಂದು ಗಳಿಗೆ ಕಳೆದ ಮೇಲೆ ಫೋಟೋ ಬೀಳುತ್ತಿತ್ತು. ಅಷ್ಟರಲ್ಲಿ ಮಗು ಅತ್ತ ತಿರುಗಿರುತ್ತಿತ್ತು. ಹಿಂದಿನ ಸಣ್ಣ ಪರದೆಯಲ್ಲಿ ಚೆಂದ ಕಂಡದ್ದು ಪ್ರಿಂಟ್ ಹಾಕಿಸಿದರೆ ಮಸುಕು. ಮಾತು ಕೇಳಬೇಕಾದವಳು ನಾನು.

ಎದುರು ಮನೆಯಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳಿದ್ದಳು. ಗಂಡನಿಗೆ ಗಾರೆ ಕೆಲಸ, ಅವಳು ತುಂಬು ಬಸುರಿ. ಒಂದು ಶನಿವಾರ ಬಾಗಿಲಿಗೆ ಬಂದಳು.

“ಅಕ್ಕಾರ, ನಾಳೆ ನನ್ನ ಕುಬಸ ಐತ್ರಿ. ಅವ್ವಗ ಬರಾಕ ಆಗಂಗಿಲ್ಲ, ಕಾಲು ಮುರಕೊಂಡಾಳ. ಅಣ್ಣ ಒಬ್ಬನ ಬರ್ತಾನ. ನೀವೊಂದೀಟು ಫೋಟೋ ತಗದ್ರ ಅವ್ವಗ ಕಳಸತೀನ್ರಿ.”

ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಬಸುರಿಗೆ ಮಾಡುವ ಶಾಸ್ತ್ರ ಅದು. ತಾಯಿ ಬಾರದ ಕುಬಸಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಭಾನುವಾರ ಓವರ್‌ಟೈಮ್ ಬೇರೆ ಇತ್ತು. ಸಂಜೆ ಬಂದವಳೇ ಮುಖ ತೊಳೆದು ಅವರ ಮನೆಗೆ ಹೋದೆ.

ಒಂದೇ ಕೋಣೆ, ಒಂದು ಟ್ಯೂಬ್‌ಲೈಟ್, ತುಂಬ ಹೆಂಗಸರು. ಮೊದಲೆರಡು ಫೋಟೋ ತೆಗೆದು ಅವಳ ಅಣ್ಣನಿಗೆ ತೋರಿಸಿದೆ.

“ಮುಂದಿನವರ ಮಾರಿ ಸುಣ್ಣ ಬಳದಂಗ ಆಗ್ಯಾವಲ್ರೀ ಅಕ್ಕಾರ. ಹಿಂದ ಕುಂತವ್ರು ಕಾಣಂಗಿಲ್ಲ,” ಅಂದ.

ಫ್ಲಾಶ್ ನಿಲ್ಲಿಸೋಣವೆಂದು ಮೇಲಿನ ಚಕ್ರ ತಿರುಗಿಸಿದೆ. ಮುಂದೆ ಒತ್ತಿದಾಗ ಬೆಳಕು ಹಾರಲಿಲ್ಲ, ಸರಿಹೋಯಿತು ಅಂದುಕೊಂಡೆ. ಬಳೆ ತೊಡಿಸುವಾಗ, ಉಡಿ ತುಂಬುವಾಗ, ಆರತಿಗೆ, ಒತ್ತುತ್ತಲೇ ಹೋದೆ. ತೆಗೆದದ್ದನ್ನು ನೋಡುವ ತಾಳ್ಮೆಯೂ ಉಳಿದಿರಲಿಲ್ಲ.

ಮರುದಿನ ಸಂಜೆ ಅವಳ ಅಣ್ಣನ ಜೊತೆ ಸ್ಟೇಷನ್ ರಸ್ತೆಯ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, “ಮೇಡಂ, ಫೋಟೋ ಎರಡೇ ಇರೋದು. ಉಳಿದಿದ್ದೆಲ್ಲಾ ವಿಡಿಯೋ ಕಣ್ರೀ,” ಅಂದ.

ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾನು ತಿರುಗಿಸಿದ ಚಕ್ರ ವಿಡಿಯೋಗೆ ಹೋಗಿ ನಿಂತಿತ್ತು. ಒಮ್ಮೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ಬಂದ್. ಹಾಗಾಗಿ ಫೋಟೋ ಆಯಿತೆಂದು ಎಲ್ಲರೂ ಸಡಿಲವಾದಾಗಿನಿಂದ ಮತ್ತೆ ನೆಟ್ಟಗೆ ಕೂರುವ ತನಕದ್ದು ಅದರಲ್ಲಿ ಸೇರಿತ್ತು. ಮುಖಗಳು ಕಪ್ಪು ಕಪ್ಪು. ನಾನು ಕೈ ಇಳಿಸಿದಾಗಲೆಲ್ಲ ನೆಲ, ಕಾಲುಂಗುರ, ಬಾಳೆಹಣ್ಣಿನ ತಟ್ಟೆ. ಧ್ವನಿ ಮಾತ್ರ ಚೆನ್ನಾಗಿತ್ತು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ನಡುವೆ ಆ ಹುಡುಗಿ ಮೆಲ್ಲಗೆ, “ಅಣ್ಣಾ, ಅವ್ವ ಕಾಲು ಊರತಾಳೇನೋ?” ಎಂದು ಕೇಳಿದ್ದಳು. “ಗ್ವಾಡಿ ಹಿಡಕೊಂಡು ನಡಿತಾಳ, ನೀ ಅಳಬ್ಯಾಡ,” ಎಂದಿದ್ದ ಅಣ್ಣ.

ಆಮೇಲೆ ಒಂದು ಒಣ ಧ್ವನಿ: “ಬೇಗ ಕೂತ್ಕೊಳ್ರಮ್ಮಾ, ನಂಗೆ ನಿದ್ದೆ ಬರ್ತಿದೆ.”

ಅದು ನನ್ನದೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಅಷ್ಟು ಬಳಲಿದವರ ಹಾಗೆ ಮಾತಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಅದೊಂದನ್ನು ತೆಗೆಯಲು ಆಗುತ್ತದೆಯೇ ಎಂದು ಕೇಳಿದೆ. ಅವಳ ಅಣ್ಣ, “ಇರ್ಲಿ ಬಿಡ್ರಿ, ಹಂಗ ಇರ್ಲಿ,” ಎಂದು ಎಲ್ಲವನ್ನೂ ತನ್ನ ಮೊಬೈಲಿಗೆ ಹಾಕಿಸಿಕೊಂಡು ಊರಿಗೆ ಹೋದ.

ವಾರವೂ ಆಗಿರಲಿಲ್ಲ, ಹುಡುಗಿ ನಗುತ್ತ ಬಂದಳು.

“ಅಕ್ಕಾರ, ಅವ್ವ ದಿನಾ ಹಚ್ಚಿಸಿಕೊಂಡು ಕೇಳ್ತಾಳಂತ್ರಿ. ನಿದ್ದಿ ಬರ್ತದ ಅಂದಾಕಿ ಯಾರವಾ, ಪಾಪ ಭಾಳ ದಣದಾಳ, ಆಕಿಗೆ ಹೋಳಿಗಿ ಕೊಟ್ಟೀಯಿಲ್ಲೋ ಅಂತ ಕೇಳಿದ್ಳ್ರಿ.”

ಕೊಟ್ಟಿದ್ದಳು. ಅಂದು ತಿನ್ನಲಾರದೆ ಮನೆಗೆ ತಂದು, ಬೆಳಿಗ್ಗೆ ಡಬ್ಬಿಗೆ ಹಾಕಿಕೊಂಡಿದ್ದೆ. “ತುಂಬಾ ಚೆನ್ನಾಗಿತ್ತು ಅಂತ ಹೇಳಮ್ಮಾ,” ಅಂದೆ. ಅದುವರೆಗೆ ದಣಿದಿದ್ದೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಅವಳು ಹೆರಿಗೆಗೆ ಊರಿಗೆ ಹೋದಳು, ಹೆಣ್ಣು ಮಗುವಾಯಿತು. ಅವಳ ಗಂಡನಿಗೆ ವರ್ತೂರಿನಲ್ಲಿ ಅಪಾರ್ಟ್‌ಮೆಂಟ್ ಕೆಲಸ ಸಿಕ್ಕು, ಎದುರು ಮನೆ ಖಾಲಿಯಾಯಿತು. ಮುಂದೆ ಎಲ್ಲರ ಮೊಬೈಲಿಗೂ ಒಳ್ಳೆಯ ಕ್ಯಾಮೆರಾ ಬಂತು, ನಮ್ಮ ಬಾಗಿಲು ತಟ್ಟುವವರು ಕಡಿಮೆಯಾದರು. ಒಂದು ಮಧ್ಯಾಹ್ನ ನಮ್ಮದರ ಲೆನ್ಸ್ ಅರ್ಧ ಹೊರಬಂದು, ಕಟಕಟ ಸದ್ದು ಮಾಡಿ, ಅಲ್ಲೇ ಸಿಕ್ಕಿಕೊಂಡಿತು.

“ರಿಪೇರಿಗೆ ಕೊಡ್ಲಾ, ಹೊಸದೇ ತರೋಣ್ವಾ?” ಅಂದರು ನನ್ನ ಗಂಡ.

“ಎರಡೂ ಬೇಡ ಬಿಡಿ,” ಎಂದು ಚಾಪೆ ಹಾಸಿಕೊಂಡು ಮಲಗಿದೆ.