ಕಳಚಿಟ್ಟ ಬ್ಯಾಟರಿ

ದೆವ್ವ ಕಂಡವರ, ಕನಸಿನಲ್ಲಿ ಮುನ್ಸೂಚನೆ ಸಿಕ್ಕವರ ಮಾತನ್ನು ನಾನು ಎಂದೂ ಪೂರ್ತಿ ಕೇಳಿದವನಲ್ಲ. ನನ್ನದು ಗಾಡಿಗಳ ವೈರಿಂಗ್ ಕೆಲಸ. ರಾತ್ರಿ ತಾನಾಗಿಯೇ ಲೈಟ್ ಹತ್ತುತ್ತದೆ, ವೈಪರ್ ತಿರುಗುತ್ತದೆ ಎಂದು ಹೆದರಿಕೊಂಡು ಬಂದವರ ಗಾಡಿಗಳಲ್ಲೆಲ್ಲ ಕೊನೆಗೆ ನನಗೆ ಸಿಕ್ಕಿದ್ದು ಇಲಿ ಕಡಿದ ವೈರು, ಇಲ್ಲವೇ ನೀರು ಹೊಕ್ಕ ಸ್ವಿಚ್ಚು. ನಿಂಬೆಹಣ್ಣು ಕಟ್ಟಿಸಿಕೊಂಡು ಬಂದವರಿಗೆ ಹೊಸ ವೈರು ಹಾಕಿ ಕಳಿಸಿದ್ದೇನೆ. ಕರೆಂಟು ಇದ್ದರೆ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ನಂಬಿಕೆ ಅಷ್ಟೇ ಇತ್ತು. ಇಂದಿಗೂ ಬಹುಮಟ್ಟಿಗೆ ಅಷ್ಟೇ ಇದೆ, ಅಗರಖೇಡದ ಒಂದು ಮಧ್ಯಾಹ್ನವನ್ನು ಬಿಟ್ಟರೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ವಿಜಯಪುರದ ಒಂದು ಸರ್ವಿಸ್ ಸೆಂಟರಿನಲ್ಲಿದ್ದೆ. ಒಂದು ಮಾದರಿಯ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿನ ವೈರುಗಳ ಕಟ್ಟು ಕಬ್ಬಿಣದ ಅಂಚಿಗೆ ತಾಗಿ ಸವೆಯುತ್ತಿದೆ, ಶಾರ್ಟ್ ಆಗಿ ಬೆಂಕಿ ಹತ್ತಬಹುದು, ಎಲ್ಲ ಗಾಡಿಗಳನ್ನೂ ವಾಪಸ್ ಕರೆಸಿ ಪುಕ್ಕಟೆಯಾಗಿ ಬದಲಿಸಿಕೊಡಿ ಎಂದು ಕಂಪನಿಯಿಂದ ಆದೇಶ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಾಲೀಕರ ಪಟ್ಟಿ ನನ್ನ ಪಾಲಿಗೆ ಬಂತು. ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಜನ ನಂಬುತ್ತಿರಲಿಲ್ಲ. ಮುದ್ದೇಬಿಹಾಳದ ಕಿರಾಣಿ ಅಂಗಡಿಯವರೊಬ್ಬರು, "ಪುಕ್ಕಟೆ ಅಂದ್ರ ಅದರಾಗ ಏನೋ ಐತಿ ಬಿಡ್ರಿ" ಎಂದು ಫೋನ್ ಇಟ್ಟರು. ಸಿಂದಗಿಯ ಮೇಷ್ಟರೊಬ್ಬರು, "ಇಷ್ಟು ವರ್ಷ ಹತ್ತದ ಬೆಂಕಿ ಈಗ್ಯಾಕ ಹತ್ತತೈತಿ?" ಎಂದು ನನ್ನನ್ನೇ ಪ್ರಶ್ನಿಸಿದರು. ಬರಲೊಪ್ಪದವರ ಊರಿಗೆ ನಾನೇ ಸರ್ವಿಸ್ ವ್ಯಾನ್ ತೆಗೆದುಕೊಂಡು ಹೋಗುತ್ತಿದ್ದೆ.

ನಾನು ಮೂರು ಸಲ ಫೋನ್ ಮಾಡಿದರೂ ಅಗರಖೇಡದ ಕಾಶೀಬಾಯಿ ಬರಲಿಲ್ಲ. ಆಕೆ ನಿಂಬೆಯ ವ್ಯಾಪಾರ ಮಾಡುವ ಹೆಂಗಸು, ಕಾರನ್ನು ತಾನೇ ಓಡಿಸುತ್ತಿದ್ದಳು. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಇಂಡಿಯ ದವಾಖಾನೆಗೆ ಕರೆದೊಯ್ಯುವುದು ಆ ಕಾರೇ.

"ಗಾಡಿ ಬಿಟ್ಟು ಇರಾಕ ಆಗಂಗಿಲ್ರಿ" ಎಂದಳು. "ನಮ್ಮ ತಂಗಿ ಮಗಳು ಮಹಾದೇವಿಗೆ ದಿನ ತುಂಬ್ಯಾವ. ಆಕಿ ಗಂಡ ಕುರಿ ಹೊಡಕೊಂಡು ದೂರ ಹೋಗ್ಯಾನ. ಹೊತ್ತಲ್ಲದ ಹೊತ್ತಿನಾಗ ಬ್ಯಾನಿ ಬಂದ್ರ ಯಾರನ್ನ ಕೇಳ್ಲಿ?"

ಏಪ್ರಿಲ್ ತಿಂಗಳು. ನಾನು ಅವರ ತೋಟ ಮುಟ್ಟಿದಾಗ ಹನ್ನೊಂದೂವರೆ. ಮನೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ತಗಡಿನ ಶೆಡ್ಡು, ಅದರೊಳಗೆ ಬಿಳಿ ಕಾರು. ಧೂಳು ಹೋಗಬಾರದೆಂದು ಕಿಟಕಿಗಳನ್ನೆಲ್ಲ ಏರಿಸಿದ್ದರು. ಹಿಂದಿನ ಸೀಟಿನ ಮೇಲೆ ದವಾಖಾನೆಗೆಂದು ಕಟ್ಟಿಟ್ಟ ಬಟ್ಟೆಯ ಗಂಟು, ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಒಂದು ದೊಡ್ಡ ಕೌದಿ. ಸ್ಟೀರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದೆ. ಮೂರು ವೈರುಗಳ ಮೇಲ್ಪದರ ಹರಿದು ತಾಮ್ರ ಕಾಣುತ್ತಿತ್ತು. ಪಕ್ಕದ ಪ್ಲಾಸ್ಟಿಕ್ಕು ಕಪ್ಪಾಗಿತ್ತು. ಕಾಶೀಬಾಯಿಯನ್ನು ಕರೆದು ತೋರಿಸಿದೆ. ಆಕೆ ಬಗ್ಗಿ ನೋಡಿ, "ಇದರಾಗ ಹೋದ ವಾರ ಬಾಣಂತೀನ ಕರಕೊಂಡು ಬಂದೇನ್ರಿ" ಎಂದಳು.

ನಾನು ತಂದ ಹೊಸ ವೈರಿನ ಕಟ್ಟು ಆ ಗಾಡಿಗೆ ಹೊಂದಲಿಲ್ಲ, ಬೇರೆ ತರಿಸಬೇಕಿತ್ತು. ಸೂಪರ್‌ವೈಸರ್‌ಗೆ ಫೋನ್ ಮಾಡಿ ಸಂಜೆಯೊಳಗೆ ಇನ್ನೊಂದು ಕಾರು ಕಳಿಸಲು ಒಪ್ಪಿಸಿದೆ. ಅಲ್ಲಿಯವರೆಗೆ ಇದನ್ನು ಚಾಲೂ ಮಾಡಬಾರದು ಎಂದಾಗ ಕಾಶೀಬಾಯಿ ಮುಚ್ಚುಮರೆ ಮಾಡಲಿಲ್ಲ. "ಸಿಟ್ಟಾಗಬ್ಯಾಡ್ರಿ. ಬ್ಯಾನಿ ಬಂತಂದ್ರ ನಾ ಗಾಡಿ ಹೊಡೀತೇನಿ." ಅದಕ್ಕೇ ನಾನು ಬ್ಯಾಟರಿಯನ್ನು ಪೂರ್ತಿ ಕಳಚಿ, ಎತ್ತಿಕೊಂಡು ಹೋಗಿ ಅಂಗಳದಲ್ಲಿ ನಿಂತಿದ್ದ ನನ್ನ ವ್ಯಾನಿನಲ್ಲಿಟ್ಟೆ. ಕೈ ತೊಳೆದೆ, ನೀರು ಕುಡಿದೆ. ಆಮೇಲೆ ಶೆಡ್ಡಿಗೆ ವಾಪಸ್ ಬಂದು, ತೆರೆದಿದ್ದ ಮುಂದಿನ ಬಾಗಿಲು ಮುಚ್ಚಿ ಕೀಲಿ ಹಾಕಿದೆ. ಉಳಿದವು ಮೊದಲೇ ಲಾಕ್ ಆಗಿದ್ದವು. ಹಿಂದಿನ ಸೀಟಿನತ್ತ ನಾನು ಕಣ್ಣು ಹಾಯಿಸಲಿಲ್ಲ.

ಬೇವಿನ ಮರದ ಕೆಳಗೆ ಚಹಾ ಕೊಟ್ಟರು. ನಾನು, ಕಾಶೀಬಾಯಿ ಹೊರಸಿನ ಮೇಲೆ ಕುಳಿತಿದ್ದೆವು. ಮಗ್ಗುಲ ಕಟ್ಟೆಯ ಮೇಲೆ ಮಹಾದೇವಿ ಹುಟ್ಟಲಿರುವ ಕೂಸಿನ ತಲೆಗೆಂದು ಕುಂಚಿಗೆ ಹೊಲಿಯುತ್ತಿದ್ದಳು. ಚಹಾ ಮುಗಿದು ಮುಕ್ಕಾಲು ಗಂಟೆಯಾದರೂ ಕಾಶೀಬಾಯಿ ನಿಂಬೆಯ ಸುದ್ದಿ ಹೇಳುತ್ತಲೇ ಇದ್ದಳು. ಆಗ ಶೆಡ್ಡಿನಿಂದ ಹಾರ್ನ್ ಕೇಳಿಸಿತು. ಒಂದೇ ಸಮನೆ, ಉದ್ದಕ್ಕೆ, ಯಾರೋ ಅಂಗೈ ಒತ್ತಿ ಹಿಡಿದ ಹಾಗೆ.

ಕಾಶೀಬಾಯಿ ಮಾತು ನಿಲ್ಲಿಸಿ, "ನಮ್ಮ ಗಾಡೀದು" ಎಂದಳು.

ನಾನು ವ್ಯಾನಿನತ್ತ ನೋಡಿದೆ. ಹಿಂದಿನ ಬಾಗಿಲು ತೆರೆದೇ ಇತ್ತು, ಬ್ಯಾಟರಿ ಕಣ್ಣೆದುರೇ ಇತ್ತು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹೀಗಾಗಲು ಸಾಧ್ಯವೇ ಇಲ್ಲ ಎಂಬ ಸಿಟ್ಟು. ಅಷ್ಟರಲ್ಲಿ ಕಾಶೀಬಾಯಿ ಓಡತೊಡಗಿದ್ದಳು, ನಾನೂ ಓಡಿದೆ. ಶೆಡ್ಡು ತಲುಪುವಷ್ಟರಲ್ಲಿ ಸದ್ದು ನಿಂತಿತ್ತು. ಮುಂದಿನ ಸೀಟು ಖಾಲಿ. ಕೀಲಿ ತಿರುಗಿಸಿ ಬಾಗಿಲು ತೆಗೆದಾಗ ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಬಡಿಯಿತು. ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಕೌದಿ ಬಿದ್ದಿತ್ತು. ಕೌದಿಯ ತುದಿಯಿಂದ ಒಂದು ಪುಟ್ಟ ಕಾಲು ಹೊರಗೆ ಕಾಣುತ್ತಿತ್ತು.

ಅವಳು ಭಾಗ್ಯ, ಮಹಾದೇವಿಯ ನಾಲ್ಕು ವರ್ಷದ ಮಗಳು. ಮೈ ಕೆಂಡ, ಕಣ್ಣುಗಳು ಅರೆತೆರೆದು ನೆಟ್ಟಿದ್ದವು, ಕೂಗಿದರೆ ಓಗೊಡಲಿಲ್ಲ. ನೆರಳಿಗೆ ಎತ್ತಿಕೊಂಡು ಬಂದು ಹಸಿ ಬಟ್ಟೆ ಸುತ್ತಿದೆವು, ಗಾಳಿ ಬೀಸಿದೆವು. ಮಹಾದೇವಿ ಕಿರುಚಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಂದು ನನ್ನ ವ್ಯಾನು ಹತ್ತಿ, ಮಗಳನ್ನು ಮಡಿಲಿಗೆ ಹಾಕಿಕೊಂಡು, "ನಡೀರಿ" ಎಂದಳು. ಇಂಡಿಯ ದಾರಿಯಲ್ಲಿ ಅರ್ಧಕ್ಕೆ ಹುಡುಗಿ ಸಣ್ಣಗೆ ಅತ್ತಳು. ನನ್ನ ಜೀವನದಲ್ಲಿ ಅಷ್ಟು ಹಿತವಾದ ಅಳು ನಾನು ಕೇಳಿಲ್ಲ. ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು ಎಂದರು ಡಾಕ್ಟರು. ಸಂಜೆ ಮಾತಾಡುವಂತಾದಾಗ ಅವಳೇ ಹೇಳಿದಳು: "ಅವ್ವ ನನ್ನ ಬಿಟ್ಟು ದವಾಖಾನಿಗೆ ಹೋಗ್ತಾಳಂತ ಅಡಗಿದ್ದೆ." ನಾನು ಕೈ ತೊಳೆಯಲು ಹೋದಾಗ ತೆರೆದ ಬಾಗಿಲಿಂದ ಹತ್ತಿ, ಕೌದಿಯೊಳಗೆ ಸೇರಿಕೊಂಡು, ಅಲ್ಲೇ ನಿದ್ದೆ ಹೋಗಿದ್ದಳು.

ಎರಡು ದಿನಕ್ಕೆ ವೈರಿನ ಕಟ್ಟು ಬಂತು. ಬದಲಿಸುವಾಗ ಹಳೆಯದನ್ನು ಇಂಚಿಂಚಾಗಿ ನೋಡಿದೆ. ಸವೆದ ಮೂರು ವೈರುಗಳಲ್ಲಿ ಒಂದು ಹಾರ್ನಿನದೇ. ಬ್ಯಾಟರಿ ಇದ್ದಿದ್ದರೆ ಅದು ಕಬ್ಬಿಣಕ್ಕೆ ತಾಗಿ ಹಾರ್ನ್ ಆಗುವುದು ಸಹಜ. ಆದರೆ ಬ್ಯಾಟರಿ ಇರಲಿಲ್ಲ. ಎಲ್ಲೋ ಉಳಿದ ಚೂರುಪಾರು ಕರೆಂಟಿನಿಂದ ಅಷ್ಟು ಉದ್ದದ ಸದ್ದು ಬರುವುದಿಲ್ಲ, ಆಮೇಲೆ ನಾನು ಮಾಡಿ ನೋಡಿದ್ದೇನೆ. ರಿಪೋರ್ಟಿನಲ್ಲಿ ನಡೆದದ್ದನ್ನು ನಡೆದಂತೆ ಬರೆದಿದ್ದೆ. ಸೂಪರ್‌ವೈಸರ್ ಓದಿ, "ಈ ಹಾರ್ನಿನ ಸಾಲು ತಗದ ಬಿಡ್ರಿ, ಮ್ಯಾಲಿನವರು ನಿಮಗ ಏನರ ಅಂದಾರು" ಎಂದರು. ತೆಗೆದೆ.

ತೆಗೆಯಲಾಗದ್ದು ಇನ್ನೊಂದಿತ್ತು. ಮಹಾದೇವಿಗೆ ಗಂಡುಮಗು ಹುಟ್ಟಿದ ಮೇಲೆ ಅಗರಖೇಡಕ್ಕೆ ಹೋಗಿ, ಹಿಂದಿನ ಸೀಟು ನೋಡದೆ ಕೀಲಿ ಹಾಕಿದವನು ನಾನೇ ಎಂದು ಬಾಯಿಬಿಟ್ಟು ಹೇಳಿದೆ. ಕಾಶೀಬಾಯಿಯ ಪಕ್ಕದಲ್ಲಿ ಕುಳಿತು ಆಕೆ ಕೂಸಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸದೆ, "ನೀವ ಕೀಲಿ ಹಾಕಿದ್ರಿ, ನೀವ ತಗದ್ರಿ. ಅದನ್ನ ಎಷ್ಟ ದಿನ ಹೊತ್ತು ತಿರಗತೀರಿ?" ಎಂದಳು. ಕೂಸನ್ನು ಮಡಿಲಲ್ಲಿ ಹೊರಳಿಸಿಕೊಂಡು ಕೇಳಿದಳು: "ಒಂದು ಮಾತು ಕೇಳತೇನ್ರಿ. ಅವತ್ತು ನೀವಿಬ್ರೂ ಒಮ್ಮಿಗೇ ಎದ್ದು ಯಾಕ ಓಡಿದ್ರಿ?"

"ಹಾರ್ನ್ ಆತಲ್ಲವಾ" ಎಂದಳು ಕಾಶೀಬಾಯಿ.

"ಯಾವ ಹಾರ್ನ್? ನಾ ನಿಮ್ಮ ಮಗ್ಗಲದಾಗ ಕುಂತಿದ್ದೆ. ಗುಬ್ಬಿ ಸಪ್ಪಳ ಬಿಟ್ರ ಏನೂ ಇದ್ದಿಲ್ಲ. ನೀ ನಿಂಬಿಕಾಯಿ ಸುದ್ದಿ ಹೇಳತಿದ್ದಿ, ನಡುವ ಬಿಟ್ಟು ಓಡಿದಿ."

ಮಹಾದೇವಿಯ ಕಿವಿ ಚುರುಕು, ಸುಳ್ಳು ಹೇಳುವ ಹೆಂಗಸಲ್ಲ. ನಾವಿಬ್ಬರೂ ಕೇಳಿದ್ದೂ ಸುಳ್ಳಲ್ಲ. ಈಗಲೂ ಫೋನಿನಲ್ಲಿ ಮಾತಾಡುವಾಗ ಕಾಶೀಬಾಯಿ ನನ್ನನ್ನು ಕೇಳುತ್ತಾಳೆ: "ಕೇಳಿದ್ವಿ ಹೌದಲ್ರಿ?" "ಹೌದ್ರಿ, ಕೇಳಿದ್ವಿ" ಎನ್ನುತ್ತೇನೆ. ಅದಕ್ಕಿಂತ ಮುಂದಿನ ಮಾತು ನಮ್ಮಿಬ್ಬರಲ್ಲೂ ಇಲ್ಲ. ಭಾಗ್ಯ ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೇನಾದರೂ ಕೇಳಿಸಿತ್ತೇ ಎಂದು ನಾನು ಈವರೆಗೂ ಕೇಳಿಲ್ಲ.