ನಾದಿನಿಯ ಗಂಡನ ಎದೆಯುರಿ

ಎಪ್ಪತ್ತರ ದಶಕದ ಒಂದು ರಂಜಾನ್. ಮರಳೂರಿನ ಮನೆಯಲ್ಲಿ ಸಂಜೆಯ ಗಂಜಿಗೆ ಅಕ್ಕಿಯ ಕಲ್ಲು ಆರಿಸ್ತಾ ಕೂತಿದ್ದೆ. ನಾದಿನಿಯ ಊರು ಅಮೃತೂರಿನ ಬಸ್ ಕಂಡಕ್ಟರ್ ಬಾಗಿಲಿಗೆ ಬಂದ. ಆಗ ನಮಗೆ ಅವನೇ ಟೆಲಿಫೋನು. "ಅಮ್ಮಾ, ನಿಮ್ಮ ನಾದಿನಿ ಯಜಮಾನ್ರಿಗೆ ಎದೆನೋವಂತೆ. ಇನ್ನೇನು ಹೊಂಟೆ ಅಂತ ಕೂಗಾಡ್ತಾವ್ರೆ."

ಕೂಗಾಡುವಷ್ಟು ಉಸಿರಿರುವವನಿಗೆ ಏನಾಗುತ್ತೆ? ನನ್ನ ಚಿಂತೆಯೆಲ್ಲ ನಾದಿನಿಯದು. ಏಳು ತಿಂಗಳ ಬಸುರಿ, ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಒಂದು ಹಿಡಿ ಓಮ ಸೆರಗಿಗೆ ಕಟ್ಟಿಕೊಂಡು ಅವನ ಬಸ್ಸನ್ನೇ ಹತ್ತಿದೆ.

ಹೋಗಿ ನೋಡಿದರೆ ಆತ ನಡುಮನೆಯಲ್ಲಿ ಹಾಸಿಗೆ ತುಂಬ ಬಿದ್ದುಕೊಂಡಿದ್ದ. ಡಾಕ್ಟರು ಆಗಲೇ ನೋಡಿ, ಬರೀ ಅಜೀರ್ಣ ಅಂತ ನಕ್ಕು ಹೋಗಿದ್ದರಂತೆ. ನಾದಿನಿ ಬೆಳಗಿನಿಂದ ಬೀಸಣಿಗೆ ಬೀಸ್ತಾ ಕೂತಿದ್ದಳು. ತುಟಿ ಒಣಗಿತ್ತು.

"ಏನೇ ತಿಂದ್ರು ಇವ್ರು?"

"ಬೆಳಗಿನ ಜಾವ ಸೆಹ್ರಿ ಊಟಕ್ಕೆ ಮೂರು ತಟ್ಟೆ ಬಿರಿಯಾನಿ, ಭಾಬಿ. ಹಗಲು ಹಸೀಬಾರ್ದು ಅಂತ. ತಿಂದೋರೇ ಮಲಗಿಬಿಟ್ರು."

ಓಮ ಕುದಿಸಿ, ಚಿಟಿಕೆ ಉಪ್ಪು ಹಾಕಿ ಲೋಟ ಮುಂದಿಟ್ಟೆ. ಆತ ಮುಖ ತಿರುಗಿಸಿದ. "ಪ್ರಾಣ ಹೋದ್ರೂ ರೋಜಾ ಮುರಿಯಲ್ಲ. ಓಣಿಯೋರು ಏನಂದ್ಕೋತಾರೆ?"

"ಕಾಯಿಲೆಯೋರಿಗೆ, ಬಸುರಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟವ್ನೆ. ಇವಳನ್ಯಾಕೆ ಉಪವಾಸ ಕೂರಿಸಿದೀರಿ?"

"ನನ್ನ ಮನೇಲಿ ಎಲ್ರೂ ರೋಜಾ ಇರ್ತಾರೆ," ಅಂದ. ಅಂದವನೇ ಹುಳಿತೇಗು ತೇಗಿದ.

ಅಂಥವನ ಹತ್ತಿರ ಏನು ಮಾತು? ಲೋಟ ಅಲ್ಲೇ ಬಿಟ್ಟು, ನಾದಿನಿಯನ್ನು ಒಳಕೋಣೆಗೆ ಕರಕೊಂಡು ಹೋಗಿ ಅಗುಳಿ ಹಾಕಿದೆ. ಹಾಲು ಕುಡಿಸಿದೆ. ಅಳುತ್ತಲೇ ಕುಡಿದಳು, ಅಳುತ್ತಲೇ ನಿದ್ದೆ ಹೋದಳು. ಅಷ್ಟರಲ್ಲಿ ನಡುಮನೆಯಿಂದ ಕೆರೆಯಿಂದೆದ್ದ ಎಮ್ಮೆಯ ಹಾಗೆ ಒಂದು ತೇಗು. ಹೋಗಿ ನೋಡಿದೆ. ಲೋಟ ಖಾಲಿ.

"ಕೈ ತಗುಲಿ ಚೆಲ್ಲೋಯ್ತು," ಅಂದ.

ನೆಲದ ಮೇಲೆ ಒಂದು ಹನಿಯಿಲ್ಲ. ಬಾಯಿಂದ ಓಮದ ಘಾಟು. ಕಾಯಿಲೆಯೆಂದು ಒಪ್ಪಿ ಕುಡಿದಿದ್ದರೆ ಯಾರು ಬೇಡ ಅಂತಿದ್ರು? ಕದ್ದು ಕುಡಿದು, ಉಪವಾಸಿ ಅನ್ನಿಸಿಕೊಳ್ಳೋ ಚಪಲ! ಥೂ.

ಬಗ್ಗಿ, ಮೆಲ್ಲಗೆ ಹೇಳಿದೆ: "ಕೂಸು ಹುಟ್ಟೋವರೆಗೂ ಇವಳು ರೋಜಾ ಇರಲ್ಲ. ಬೇಡ ಅಂದ್ರೆ, ಈ ಲೋಟ ಎತ್ಕೊಂಡು ಓಣಿಯೆಲ್ಲ ತೋರಿಸಿ ಬರ್ತೀನಿ."

ಆತ ಚಾವಣಿ ನೋಡ್ತಾ "ಆಯ್ತು" ಅಂದ.

ಪಕ್ಕದ ಮನೆಯವರು ವಿಚಾರಿಸೋಕೆ ಬಂದರು. ಈತ ಎದ್ದು ಕೂತು, "ಸಬರ್, ತಾಳ್ಮೆ ಇದ್ರೆ ಎಲ್ಲ ವಾಸಿಯಾಗುತ್ತೆ" ಅಂತ ಶುರುಹಚ್ಚಿಕೊಂಡ. ಒಳಗೆ ನಾದಿನಿ ಗಾಢ ನಿದ್ದೆಯಲ್ಲಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟೆ. ಕೂಸು ಒದೀತು. ಅಲ್‌ಹಮ್ದುಲಿಲ್ಲಾಹ್, ಅಷ್ಟು ಸಾಕು.

ಹಿತ್ತಲಲ್ಲಿ ಅವಳು ನೆನೆಹಾಕಿದ್ದ ಬಟ್ಟೆ ಹಾಗೇ ಬಿದ್ದಿತ್ತು. ಸೆರಗು ಸಿಕ್ಕಿಸಿ ಒಗೆಯೋಕೆ ಕೂತೆ.