ವಯಸ್ಸಿನ ಕಲಂ

ಹೆದರುವುದರಲ್ಲಿ ಸಂಧ್ಯಾರಾಣಿಯದು ಎತ್ತಿದ ಕೈ. ಚನ್ನಗಿರಿಯ ಬಾಡಿಗೆ ಕೋಣೆಯಲ್ಲಿ ರಕ್ತದೊತ್ತಡದ ಅಧ್ಯಯನ ಶುರುವಾದಾಗ ಅವಳು ಬರೀ ನರ್ಸು. ನಲ್ಲೂರಿನ ಮನೆಮನೆಗೆ ಹೋಗಿ, ಗುಳಿಗೆ ಕೊಟ್ಟು, ಕಣ್ಣೆದುರೇ ನುಂಗಿಸಿ ಬರುತ್ತಿದ್ದಳು. ಆಮೇಲೆ ಹೊನ್ನಾಳಿ ಸೇರಿತು, ನ್ಯಾಮತಿ ಸೇರಿತು, ಹೋದ ವರ್ಷ ಜಗಳೂರೂ ಸೇರಿತು. ನಾಲ್ಕನ್ನೂ ಒಂದೇ ನಿಯಮದಲ್ಲಿ ನಡೆಸಲು ಅವಳನ್ನೇ ಸಂಯೋಜಕಿ ಮಾಡಿದರು. ಬಡ್ತಿ ಸಿಕ್ಕಿತೆಂದು ಬಂಧುಗಳು ಸಿಹಿ ಕೇಳಿದರು. ಅವಳಿಗೋ ಊಟವೇ ಸೇರದಾಯಿತು. ತಾನು ಮುಖವನ್ನೇ ನೋಡದ ಎರಡು ಸಾವಿರ ಜನ ತನ್ನ ಸಹಿ ನಂಬಿ ಗುಳಿಗೆ ನುಂಗುತ್ತಾರಲ್ಲ ಎಂಬುದೇ ಭಯ.

ಜಗಳೂರಿನ ಕಡೆ ಮುದುಕರಿಗೆ ವಯಸ್ಸು ಕೇಳಿದರೆ ಅರ್ಧ ಗಂಟೆ ಕಥೆ ಹೇಳುತ್ತಾರೆಂದು ಕಾರ್ಯಕರ್ತೆಯರು ಗೊಣಗಿದಾಗ, ಗುಳಿಗೆ ಹಂಚುವ ಚೀಟಿಯಿಂದ ವಯಸ್ಸಿನ ಕಲಮನ್ನೇ ಕಿತ್ತುಹಾಕಿದಳು. ಹೆಸರು, ಊರು, ಮನೆ ನಂಬರು ಸಾಕು ಎಂದು ಹೊಸ ಚೀಟಿಯನ್ನು ನಾಲ್ಕೂ ಕಡೆಗೆ ಕಳಿಸಿದಳು. ಅಷ್ಟೊಂದು ಹೆದರುವವಳು ಅದಕ್ಕೆ ಮಾತ್ರ ಹೆದರಲಿಲ್ಲ, ನೋಡಿ.

ಸೋಮವಾರ ಜಗಳೂರಿನ ಕಾರ್ಯಕರ್ತೆ ಉಷಾರಾಣಿ ಫೋನ್ ಮಾಡಿದಳು. ಗುಳಿಗೆ ಶುರುವಾಗಿ ಮೂರು ತಿಂಗಳಿಗೆ ನಡೆದ ತಪಾಸಣೆ ಶಿಬಿರದಲ್ಲಿ ಗಾದ್ರಮ್ಮ ಎಂಬ ಮುದುಕಿಯ ಒತ್ತಡ ಇಳಿಯುವ ಬದಲು ಏರಿದೆ. ಗುಳಿಗೆಯ ಖಾಲಿ ಪಟ್ಟಿಗಳು ಮಾತ್ರ ಲೆಕ್ಕಕ್ಕೆ ಸರಿಯಾಗಿ ವಾಪಸು ಬಂದಿವೆ. ಸಂಧ್ಯಾರಾಣಿ ಕೂಡಲೇ ಹೊರಟಳು. ಮುದುಕಿ ನುಂಗಿಲ್ಲವೆಂದರೆ ಮತ್ಯಾರು ನುಂಗಿದರು? ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಉಷಾರಾಣಿಯನ್ನು ಜೊತೆಗೆ ಕರೆದುಕೊಂಡು ಮಧ್ಯಾಹ್ನದೊಳಗೆ ಆ ಮನೆ ಮುಟ್ಟಿದಳು.

ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕಿ, ತನಗೆ ಯಾರೂ ಗುಳಿಗೆ ಕೊಟ್ಟೇ ಇಲ್ಲ ಎಂದಳು. ಒಳಗಿನಿಂದ ಮೊಮ್ಮಗಳು ಬಂದಳು. ವಾಂತಿ ತಡೆಯದೆ ಮೂರನೇ ತಿಂಗಳಿಗೇ ತವರಿಗೆ ಬಂದಿದ್ದ ಬಸುರಿ. ಈಗ ಆರು ತುಂಬಿತ್ತು.

"ಗಾದ್ರಮ್ಮ ಅಂದ್ರೆ ನಾನೇರೀ," ಎಂದಳು. "ಅಜ್ಜಿ ಹೆಸರೇ ನನಗಿಟ್ಟಾರೆ. ಅಜ್ಜೀನ ಯಾರೂ ಹೆಸರು ಹಿಡಿದು ಕರಿಯಂಗಿಲ್ಲ. ಗಾದ್ರಮ್ಮ ಯಾರು ಅಂತ ಬಾಗಿಲಿಗೆ ಬಂದು ಕೇಳಿದ್ರು, ನಾನೇ ಇಸ್ಕೊಂಡೆ. ಶಕ್ತಿ ಗುಳಿಗೆ ಅಂತ ಒಂದು ದಿನಾನೂ ತಪ್ಪಿಸಿಲ್ರೀ."

ಬಸುರಿಯರು ಮುಟ್ಟಲೇಬಾರದ ಗುಳಿಗೆ ಅದು. ಪಕ್ಕದಲ್ಲಿ ಉಷಾರಾಣಿ ಬಿಳಿಚಿಕೊಂಡು ನಿಂತಿದ್ದಳು. ಹಂಚಿದ ಚೀಟಿಯಲ್ಲಿದ್ದದ್ದು ಇವಳ ಸಹಿ. ಒಂದು ಗಳಿಗೆ, ಒಂದೇ ಗಳಿಗೆ, ತಪ್ಪನ್ನು ಆ ಸಹಿಯ ಮೇಲೆ ಹೊರಿಸಿದರೆ ತಾನು ಪಾರಾಗುತ್ತೇನೆಂದು ಸಂಧ್ಯಾರಾಣಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಧ್ಯಯನದ ಮುಖ್ಯಸ್ಥರಾದ ಡಾಕ್ಟರ್ ಮಲ್ಲಿಕಾರ್ಜುನಪ್ಪನವರಿಗೆ ಅಲ್ಲಿಂದಲೇ ಫೋನ್ ಮಾಡಿ, ಕಲಂ ಕಿತ್ತವಳು ತಾನೇ ಎಂದು ಹೇಳಿದಳು. ನಾಲ್ಕೂ ಕಡೆ ಗುಳಿಗೆ ನಿಲ್ಲಿಸಬೇಕು ಎಂದಳು. ಒಂದು ಮನೆಯ ಎಡವಟ್ಟಿಗೆ ಎಲ್ಲವನ್ನೂ ನಿಲ್ಲಿಸುವುದೇ ಎಂದು ಅವರು ಹಿಂಜರಿದರು. ಚೀಟಿ ನಾಲ್ಕೂ ಕಡೆ ಒಂದೇ ಸರ್ ಎಂದಾಗ, ಹಾಗಾದರೆ ನಿಲ್ಲಿಸಿ ಎಂದರು. ಆಮೇಲೆ ಹೊನ್ನಾಳಿಯ ಕಾರ್ಯಕರ್ತೆ ರೂಪಶ್ರೀಗೆ ವಿಷಯ ತಿಳಿಸಿದಳು.

"ಅಜ್ಜಿ ಹೆಸರಿನ ಮೊಮ್ಮಕ್ಳು ನಮ್ಮಲ್ಲಿ ಓಣಿಗೆ ನಾಲ್ಕು ಮಂದಿ ಅದಾರೆ ಮೇಡಂ," ಎಂದಳು ರೂಪಶ್ರೀ.

ಸಂಜೆ ದಾವಣಗೆರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಗಾದ್ರಮ್ಮ ಸಂಧ್ಯಾರಾಣಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅಷ್ಟು ದೂರದಿಂದ ಬಂದ ಮೇಡಂ ದೇವರಂಥವರು ಎಂದು ಅವಳ ತಾಯಿ ಎರಡು ಸಲ ಹೇಳಿದ್ದಳು.

"ಕೂಸಿಗೆ ಏನೂ ಆಗಾಕಿಲ್ಲ ಅಲ್ರೀ?" ಎಂದಳು ಗಾದ್ರಮ್ಮ.

ಆಗುವುದಿಲ್ಲ ಎನ್ನಲು ಸಂಧ್ಯಾರಾಣಿಯ ಬಾಯಿ ತೆರೆಯಿತು. ಆದರೆ ಆ ಸುಳ್ಳನ್ನೂ ಇವಳು ನಂಬಿ ನುಂಗುತ್ತಾಳೆ.

"ಗೊತ್ತಿಲ್ಲ ತಾಯಿ. ತಪ್ಪು ಮಾಡಿದೋಳು ನಾನು."

ಗಾದ್ರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊಟ್ಟೆಯ ಮೇಲಿಟ್ಟುಕೊಂಡು, ಬೆಂಚಿನ ಆ ತುದಿಗೆ ಸರಿದು ಕೂತಳು.